14 ಫ್ರೇಮುಗಳ ನಗು

ಬಂಡೆಯ ಅಂಚು ದಾಟಿ ಓಡಿಬಿಟ್ಟಿದ್ದಾನೆ ರೋಡ್ ರನ್ನರ್ ಕಾರ್ಟೂನುಗಳ ಕಯೋಟಿ. ಕಾಲ ಕೆಳಗೆ ನೆಲವಿಲ್ಲ, ಬರೀ ಗಾಳಿ. ಅದು ಅವನಿಗಿನ್ನೂ ಗೊತ್ತಾಗಿಲ್ಲ. ನಿಲ್ಲುತ್ತಾನೆ. ಕಾಲಿನಿಂದ ಕೆಳಗೆ ತಡವುತ್ತಾನೆ. ಈಗ ಗೊತ್ತಾಯಿತು! ಬೀಳುವ ಮುಂಚೆ ಮೆಲ್ಲನೆ ಕತ್ತು ತಿರುಗಿಸಿ ನಮ್ಮನ್ನೇ ನೋಡುತ್ತಾನೆ. ಮರುಕ್ಷಣ ಕೆಳಕ್ಕೆ ಹೊರಟುಹೋಗಿರುತ್ತಾನೆ. ಮೇಲಿನಿಂದ ನೋಡುತ್ತಿರುವ ನಮಗೆ ಅವನು ಸಣ್ಣವನಾಗುತ್ತ, ಇನ್ನೂ ಸಣ್ಣವನಾಗುತ್ತ, ಚುಕ್ಕಿಯಾಗಿ ಮಾಯವಾಗುತ್ತಾನೆ. ಒಂದರೆಗಳಿಗೆ ತೆರೆಯ ಮೇಲೆ ಏನೂ ಇಲ್ಲ. ಆಮೇಲೆ ಆಳದಲ್ಲೆಲ್ಲೋ ಪುಟ್ಟದಾಗಿ ದೂಳೇಳುತ್ತದೆ. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತೇವೆ.

ಆ ಅರೆಗಳಿಗೆ ಎಷ್ಟು ಉದ್ದವಿರಬೇಕು ಎಂದು ಯಾರಾದರೂ ಲೆಕ್ಕ ಹಾಕಿದ್ದಾರೆಯೆ? ಹಾಕಿದ್ದಾರೆ! ವಾರ್ನರ್ ಬ್ರದರ್ಸ್ ಸ್ಟುಡಿಯೋದಲ್ಲಿ ಈ ದೃಶ್ಯವನ್ನು ಮತ್ತೆ ಮತ್ತೆ ಕಟ್ಟಿದ ನಿರ್ದೇಶಕ ಚಕ್ ಜೋನ್ಸ್ ಅದನ್ನು ಹೇಳಿಯೂ ಇದ್ದಾರೆ. ಕಯೋಟಿ ಬಿದ್ದು ಕಣ್ಮರೆಯಾಗಲು 18 ಫ್ರೇಮು. ಅಲ್ಲಿಂದ ನೆಲಕ್ಕೆ ಅಪ್ಪಳಿಸಲು ಇನ್ನು 14 ಫ್ರೇಮು. 13 ಇಟ್ಟರೆ ನಗು ಬರುವುದಿಲ್ಲ. 15 ಇಟ್ಟರೂ ಬರುವುದಿಲ್ಲ. 14 ಇಟ್ಟರೆ ಥಿಯೇಟರು ನಗುತ್ತದೆ.

ಸಿನಿಮಾದ ಒಂದು ಸೆಕೆಂಡಿನಲ್ಲಿ ಓಡುವುದು 24 ಫ್ರೇಮು. ಹಾಗಾದರೆ 14 ಫ್ರೇಮು ಅಂದರೆ ಅರ್ಧ ಸೆಕೆಂಡಿನ ಮೇಲೆ ಚೂರು. 13ಕ್ಕೂ 14ಕ್ಕೂ ಇರುವ ಅಂತರ ಸೆಕೆಂಡಿನ 24ನೇ ಒಂದು ಪಾಲು. ಕಣ್ಣು ಮಿಟುಕಿಸಲು ಬೇಕಾಗುವ ಹೊತ್ತಿಗಿಂತಲೂ ಕಡಿಮೆ! ನಗು ಹುಟ್ಟುವುದೋ ಸಾಯುವುದೋ ಅಷ್ಟರೊಳಗೆ ತೀರ್ಮಾನವಾಗುತ್ತದೆ. ಈ ಲೆಕ್ಕ ಕಿವಿಗೆ ಬಿದ್ದ ಮೇಲೆ ಹಾಲಿವುಡ್ಡಿನ ಆ ಹಳೆಯ ಕಾರ್ಟೂನುಗಳನ್ನು ನಾನು ಮೊದಲಿನಂತೆ ನೋಡಲಾರೆ. ಏಟು, ಓಟ, ಸಿಡಿಮದ್ದು ಎಲ್ಲ ಮೇಲುನೋಟದ ಸಂಗತಿ. ಒಳಗಿರುವುದು ಕಾಲ. ಆ ಮಂದಿ ಕಾಲವನ್ನು ಅಳೆದು, ಕತ್ತರಿಸಿ, ಹಿಗ್ಗಿಸಿ, ತಡೆಹಿಡಿದು ನಗು ತಯಾರಿಸುತ್ತಿದ್ದರು. ಅದೂ ಒಂದೇ ಒಂದು ಚಿತ್ರ ಚಲಿಸುವ ಮೊದಲೇ!

ಬರೆಯುವ ಮುನ್ನವೇ ಎಡಿಟಿಂಗ್

1928ರಲ್ಲಿ ವಾಲ್ಟ್ ಡಿಸ್ನಿಯ 'ಸ್ಟೀಮ್‌ಬೋಟ್ ವಿಲ್ಲಿ' ಬಂತು. ಮಿಕ್ಕಿ ಮೌಸ್ ಸಿಳ್ಳೆ ಹಾಕಿದ. ಸಿಳ್ಳೆಗೂ ತುಟಿಗೂ ತಾಳ ಕೂಡಿತು. ಅಲ್ಲಿಂದ ಹೆಚ್ಚುಕಡಿಮೆ 1960ರ ದಶಕದ ಆರಂಭದವರೆಗೆ ಅಮೆರಿಕದ ಚಿತ್ರಮಂದಿರಗಳಲ್ಲಿ ಮುಖ್ಯ ಸಿನಿಮಾದ ಜೊತೆಗೆ ನ್ಯೂಸ್‌ರೀಲು, ಕಾರ್ಟೂನು ಎಲ್ಲ ಸೇರಿ ಒಂದು ಪೂರ್ತಿ ಕಾರ್ಯಕ್ರಮ ಇರುತ್ತಿತ್ತು. ಕಾರ್ಟೂನಿಗೆ ಆರೇಳು ನಿಮಿಷ. ಎದುರಿಗೆ ಕೂತವರಲ್ಲಿ ದೊಡ್ಡವರು, ಮಕ್ಕಳು, ದುಡಿದು ದಣಿದು ಬಂದವರು, ಯುದ್ಧದ ಕಾಲದಲ್ಲಿ ಸಮವಸ್ತ್ರದ ಸೈನಿಕರು ಎಲ್ಲರೂ ಇದ್ದರು. ಡಿಸ್ನಿ, ವಾರ್ನರ್, ಎಂಜಿಎಂ, ವಾಲ್ಟರ್ ಲ್ಯಾಂಟ್ಸ್, ಆಮೇಲೆ ಯುಪಿಎ: ಒಂದೊಂದು ಸ್ಟುಡಿಯೋದಲ್ಲಿ ಒಂದೊಂದು ಬಗೆಯ ನಗು.

ಏಳು ನಿಮಿಷದ ಒಂದು ಚಿತ್ರವನ್ನು ಸುಮ್ಮನೆ ಗುಣಿಸಿ ನೋಡಿ. 7 ನಿಮಿಷ, ನಿಮಿಷಕ್ಕೆ 60 ಸೆಕೆಂಡು, ಸೆಕೆಂಡಿಗೆ 24 ಫ್ರೇಮು. ಒಟ್ಟು 10,080 ಫ್ರೇಮು! ಒಂದು ಚಿತ್ರವನ್ನು ಎರಡು ಫ್ರೇಮು ನಿಲ್ಲಿಸುವ ರೂಢಿ ಇತ್ತು. ಹಾಗೆ ಮಾಡಿದರೂ ಒಂದು ಪಾತ್ರ ಉದ್ದಕ್ಕೂ ಓಡಾಡಬೇಕಾದರೆ ಐದು ಸಾವಿರ ಚಿತ್ರ ಬೇಕು. ಮುಖ್ಯ ಭಂಗಿಗಳನ್ನು ಆ್ಯನಿಮೇಟರ್ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ನಡುನಡುವಿನ ಭಂಗಿಗಳನ್ನು ಸಹಾಯಕರು ತುಂಬುತ್ತಿದ್ದರು. ಆಮೇಲೆ ಇಂಕ್ ಅಂಡ್ ಪೇಂಟ್ ವಿಭಾಗ. ಅಲ್ಲಿ ಸಾಲುಸಾಲಾಗಿ ಕೂತವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆಯ ಮೇಲೆ ಪ್ರತಿ ಗೆರೆಯನ್ನೂ ಶಾಯಿಯಲ್ಲಿ ತಿದ್ದಿ, ಹಿಂಬದಿಗೆ ಬಣ್ಣ ತುಂಬುತ್ತಿದ್ದವರು ಅವರು. ಡ್ಯಾಫಿ ಬಾತುಕೋಳಿಯ ಕೊಕ್ಕಿನ ಒಂದು ಸೊಟ್ಟಗೆರೆ ನಡುಗದೆ ನಿಂತಿದೆಯೆಂದರೆ ಅದರ ಹಿಂದೆ ಹೆಸರೇ ಕಾಣದ ಆ ಕೈಗಳಿವೆ. ಫೋಟೊ ತೆಗೆದ ಮೇಲೆ ಎಷ್ಟೋ ಹಾಳೆಗಳನ್ನು ತೊಳೆದು ಮತ್ತೆ ಬಳಸಿಬಿಟ್ಟರು!

ನನ್ನನ್ನು ದಂಗುಬಡಿಸಿದ್ದು ಇದರ ನಡುವೆ ಅಡಗಿದ್ದ ಇನ್ನೊಂದು ಸಂಗತಿ. ನಟನಟಿಯರ ಸಿನಿಮಾದಲ್ಲಿ ಬೇಕಾದಷ್ಟು ಶೂಟ್ ಮಾಡಿ ಆಮೇಲೆ ಎಡಿಟಿಂಗ್ ಟೇಬಲ್ಲಿನ ಮೇಲೆ ಬೇಡದ್ದನ್ನು ಕತ್ತರಿಸಬಹುದು. ಇಲ್ಲಿ ಅದು ಸಾಧ್ಯವಿರಲಿಲ್ಲ. ಕೈಯಲ್ಲಿ ಬರೆದ ಒಂದೊಂದು ಸೆಕೆಂಡಿಗೂ ದುಡ್ಡು ಸುರಿಯಬೇಕು. ಬರೆದು ಬಿಸಾಡುವ ಐಷಾರಾಮ ಯಾರಿಗೂ ಇಲ್ಲ. ಹಾಗಾಗಿ ನಿರ್ದೇಶಕ ಪೂರ್ತಿ ಚಿತ್ರವನ್ನು ಮೊದಲು ತಲೆಯೊಳಗೆ ಓಡಿಸಿ, ಎಕ್ಸ್‌ಪೋಷರ್ ಶೀಟ್ ಎಂಬ ಉದ್ದನೆಯ ಹಾಳೆಯಲ್ಲಿ ಫ್ರೇಮು ಫ್ರೇಮಿನ ಲೆಕ್ಕ ಬರೆಯಬೇಕಿತ್ತು. ಬೆಕ್ಕು ಇಲ್ಲಿ 6 ಫ್ರೇಮು ನಿಲ್ಲಬೇಕು. ಇಲ್ಲಿ ರೆಪ್ಪೆ ಬಡಿಯಬೇಕು. ಇಲ್ಲಿ ಬಾಗಿಲು ಮುಚ್ಚಬೇಕು. ಎಡಿಟಿಂಗ್ ಮೊದಲು, ಚಿತ್ರ ಆಮೇಲೆ! ತಿಂಗಳುಗಳಾಚೆ ಕತ್ತಲ ಹಾಲ್‌ನಲ್ಲಿ ಕೂರುವ ಅಪರಿಚಿತರ ನಗುವನ್ನು ಅವರು ಖಾಲಿ ಹಾಳೆಯ ಮೇಲೆ ಮುಂಗಡವಾಗಿ ಕೇಳಿಸಿಕೊಳ್ಳುತ್ತಿದ್ದರು.

ಇದನ್ನು ಕಣ್ಣಾರೆ ಕಾಣಬೇಕೆಂದರೆ ಜೋನ್ಸ್ 1942ರಲ್ಲಿ ಮಾಡಿದ 'ದಿ ಡೋವರ್ ಬಾಯ್ಸ್' ಹಾಕಿ, ಪಾತ್ರವೊಂದು ಈ ಭಂಗಿಯಿಂದ ಆ ಭಂಗಿಗೆ ಛಂಗನೆ ಹಾರುವ ಕಡೆ ನಿಲ್ಲಿಸಿ. ಅಬ್ಬಾ! ಅಲ್ಲಿ ಮನುಷ್ಯನೇ ಇಲ್ಲ. ತೆರೆಯ ಈ ತುದಿಯಿಂದ ಆ ತುದಿಗೆ ಎಳೆದು ಬಳಿದ ಬಣ್ಣದ ಪಟ್ಟಿ ಇದೆ. ಒಂದೆರಡು ಫ್ರೇಮು ಮಾತ್ರ. ಓಡಿಸಿದರೆ ಕಣ್ಣಿಗೆ ಬೀಳುವುದಿಲ್ಲ, ಆದರೆ ಮೈಗೆ ತಟ್ಟುತ್ತದೆ: ಇವನು ಎಂಥ ಚುರುಕಪ್ಪ! ಯಾರೂ ನೋಡಲಾರದ ಚಿತ್ರವೊಂದನ್ನು ಕಲಾವಿದರು ಶ್ರದ್ಧೆಯಿಂದ ಬರೆದು, ಬಣ್ಣ ತುಂಬಿ, ನಮ್ಮ ಕಣ್ಣ ಮುಂದೆಯೇ ಬಚ್ಚಿಟ್ಟಿದ್ದಾರೆ.

ಟಾಮ್ ಪಿಯಾನೊ ಮುಂದೆ ಕೂತಾಗ

ಕಾಲವನ್ನು ಅಳೆಯುವ ಕಲೆ ಮನುಷ್ಯನಿಗೆ ಹೊಸದಲ್ಲ. ಸಂಗೀತ ಇರುವುದೇ ಅದಕ್ಕೆ. ಈ ಕಾರ್ಟೂನುಗಳ ಒಳಕ್ಕೆ ಇಳಿದಷ್ಟೂ ಕೊನೆಗೆ ಸಿಗುವುದು ಸಂಗೀತಗಾರರೇ.

ಕಾರ್ಲ್ ಸ್ಟಾಲಿಂಗ್ ಅವರನ್ನು ನೋಡಿ. ಮೂಕಿ ಚಿತ್ರಗಳ ಕಾಲದಲ್ಲಿ ಕಾನ್ಸಾಸ್ ಸಿಟಿಯ ಥಿಯೇಟರಿನಲ್ಲಿ ತೆರೆ ನೋಡುತ್ತ ಆರ್ಗನ್ ನುಡಿಸುತ್ತಿದ್ದವರು. ಅಲ್ಲಿ ಪರಿಚಯವಾದ ಡಿಸ್ನಿ ಜೊತೆ 1929ರಲ್ಲಿ 'ದಿ ಸ್ಕೆಲಿಟನ್ ಡ್ಯಾನ್ಸ್' ಮಾಡಿದರು. 1936ರಲ್ಲಿ ವಾರ್ನರ್‌ಗೆ ಬಂದವರು 22 ವರ್ಷ ಅಲ್ಲೇ ಇದ್ದು 600ಕ್ಕೂ ಹೆಚ್ಚು ಕಾರ್ಟೂನುಗಳಿಗೆ ಸಂಗೀತ ಬರೆದರು. ಹೆಚ್ಚುಕಡಿಮೆ ಎರಡು ವಾರಕ್ಕೊಂದು! ನಿರ್ದೇಶಕ ಫ್ರಿಝ್ ಫ್ರೆಲೆಂಗ್ ಅಂತೂ ತಮ್ಮ ದೃಶ್ಯಗಳ ಲೆಕ್ಕವನ್ನು ಸಂಗೀತದ ಹಾಳೆಯ ಮೇಲೇ ಬರೆಯುತ್ತಿದ್ದರು. 12 ಫ್ರೇಮಿಗೊಂದು ಪೆಟ್ಟು ಬಿದ್ದರೆ ನಿಮಿಷಕ್ಕೆ 120 ಪೆಟ್ಟು. 8 ಫ್ರೇಮಿಗೊಂದು ಬಿದ್ದರೆ 180. ಆ ಲಯವನ್ನೇ ಟಿಕ್ ಟಿಕ್ ಸದ್ದಾಗಿಸಿ ವಾದ್ಯಗಾರರ ಕಿವಿಗೆ ಕೊಡುತ್ತಿದ್ದರು. ಹೀಗಾಗಿ ಪೂರ್ತಿ ವಾದ್ಯವೃಂದವೂ ಮೊಲದ ಜಿಗಿತಕ್ಕೆ ಸರಿಯಾಗಿ, ಒಂದು ಫ್ರೇಮೂ ಆಚೀಚೆಯಾಗದೆ ನುಡಿಯುತ್ತಿತ್ತು. ಚೆಂಡೆಯ ಪೆಟ್ಟಿಗೂ ವೇಷಧಾರಿಯ ಹೆಜ್ಜೆಗೂ ಯಕ್ಷಗಾನದ ರಂಗದ ಮೇಲೆ ಆಗುವ ಆ ಒಪ್ಪಂದ ಇಲ್ಲಿ ಗಣಿತದಲ್ಲಿ ಆಗುತ್ತಿತ್ತು.

ಎಂಜಿಎಂನಲ್ಲಿ ಸ್ಕಾಟ್ ಬ್ರಾಡ್ಲಿ ಇದ್ದರು. ಟಾಮ್ ಮತ್ತು ಜೆರ್ರಿ ಮಾತಾಡುವುದು ತೀರ ಅಪರೂಪ. ಅವರ ಮಾತೆಲ್ಲ ಬ್ರಾಡ್ಲಿಯ ವಾದ್ಯಗಳಲ್ಲಿದೆ. 1944ರ 'ಪಟ್ಟಿನ್ ಆನ್ ದಿ ಡಾಗ್' ಚಿತ್ರದಲ್ಲಿ ಜೆರ್ರಿ ನಾಯಿಯ ಮುಖವಾಡವೊಂದನ್ನು ತಲೆಗೆ ಹಾಕಿಕೊಂಡು ಓಡಾಡುವ ದೃಶ್ಯವಿದೆ. ಅದಕ್ಕೆ ಬ್ರಾಡ್ಲಿ ಬಳಸಿದ್ದು ಏನನ್ನು ಗೊತ್ತೆ? ಆಧುನಿಕ ಯುರೋಪಿಯನ್ ಸಂಗೀತದ ಮಹಾಪಂಡಿತ ಆರ್ನಾಲ್ಡ್ ಶೋನ್‌ಬರ್ಗ್ ಅವರ ಹನ್ನೆರಡು ಸ್ವರಗಳ ಪದ್ಧತಿಯನ್ನು! ಕಛೇರಿಗಳಲ್ಲಿ ಕೇಳುಗರು ತಿಣುಕಾಡುತ್ತಿದ್ದ ಆ ಸಂಗೀತವನ್ನು ಥಿಯೇಟರಿನ ಜನ ಇಲಿಯ ಓಟವೆಂದುಕೊಂಡು ಕೇಳಿ ನಕ್ಕರು. ರೆಕಾರ್ಡಿಂಗ್ ಮಾಡುವಾಗ ವಾದ್ಯಗಾರರೂ ನಕ್ಕರಂತೆ.

ಈಗ 1947ರ 'ದಿ ಕ್ಯಾಟ್ ಕನ್ಸರ್ಟೊ' ಹಾಕೋಣ. ನಿರ್ದೇಶನ ವಿಲಿಯಂ ಹ್ಯಾನಾ ಮತ್ತು ಜೋಸೆಫ್ ಬಾರ್ಬೆರಾ ಅವರದು. ಆಸ್ಕರ್ ಗೆದ್ದ ಚಿತ್ರ. ಕಪ್ಪು ಕೋಟು, ಬಿಳಿ ಬೋ ಟೈ ತೊಟ್ಟ ಟಾಮ್ ವೇದಿಕೆಗೆ ಬರುತ್ತಾನೆ. ಗಂಭೀರ. ಘನತೆ. ಪಿಯಾನೊ ಮುಂದೆ ಕೂತು ಫ್ರಾಂಝ್ ಲಿಸ್ಟ್‌ನ ಎರಡನೇ ಹಂಗೇರಿಯನ್ ರ‍್ಯಾಪ್ಸಡಿ ಶುರು ಮಾಡುತ್ತಾನೆ. ಕೈಗಳನ್ನು ಗಮನಿಸಿ. ಸ್ವರ ಏರಿದಾಗ ಬೆರಳು ಬಲಕ್ಕೆ ಸರಿಯುತ್ತದೆ, ಇಳಿದಾಗ ಎಡಕ್ಕೆ. ಪೆಟ್ಟು ಭಾರವಾದರೆ ಭುಜ ಕೂಡ ಭಾರವಾಗುತ್ತದೆ. ಬರೆದವರಿಗೆ ಸಂಗೀತ ಗೊತ್ತಿದೆ!

ಕ್ಯಾಮೆರಾ ಪಿಯಾನೊದ ಒಳಕ್ಕೆ ಹೋಗುತ್ತದೆ. ಸುತ್ತಿಗೆಗಳ ಸಾಲಿನ ಮೇಲೆ ಜೆರ್ರಿ ಸುಖವಾಗಿ ಮಲಗಿದ್ದಾನೆ. ಸುತ್ತಿಗೆ ಏಳುತ್ತದೆ, ಜೆರ್ರಿಯೂ ಏಳುತ್ತಾನೆ. ಮುಂದಿನ ಐದಾರು ನಿಮಿಷ ಏನು ನಡೆದರೂ ಲಿಸ್ಟ್‌ನ ಸಂಗೀತ ನಿಲ್ಲುವಂತಿಲ್ಲ ಎಂಬುದು ಚಿತ್ರದ ಕರಾರು. ಜೆರ್ರಿ ಮುಚ್ಚಳವನ್ನು ಬೆರಳುಗಳ ಮೇಲೆ ಬೀಳಿಸುತ್ತಾನೆ: ತಾಳಕ್ಕೆ. ಪಿಯಾನೊ ಕೀಗಳ ಜಾಗದಲ್ಲಿ ಇಲಿಬೋನು ಇಡುತ್ತಾನೆ: ಬೆರಳು ಸಿಕ್ಕಿಕೊಳ್ಳುವುದೂ ತಾಳಕ್ಕೆ. ಟಾಮ್ ಕೈಯಿಂದ ಇಲಿಯನ್ನು ಅಟ್ಟುತ್ತ ಕಾಲಿನಿಂದ ಪಿಯಾನೊ ನುಡಿಸುತ್ತಾನೆ. ಅದೂ ತಪ್ಪಿಲ್ಲದೆ! ಸುತ್ತಿಗೆಗಳ ಮೇಲೆ ಕುಣಿಯುತ್ತ ಜೆರ್ರಿ ಇದ್ದಕ್ಕಿದ್ದಂತೆ ರಾಗವನ್ನೇ ಬದಲಿಸಿ ಆ ಕಾಲದ ಜನಪ್ರಿಯ ರೈಲಿನ ಹಾಡಿಗೆ ಹೊರಳುತ್ತಾನೆ. ಟಾಮ್ ಅದನ್ನು ಎಳೆದು ತಂದು ಮತ್ತೆ ಲಿಸ್ಟ್‌ಗೆ ಸೇರಿಸುತ್ತಾನೆ. ಕೊನೆಗೆ ಜೆರ್ರಿ ಸುತ್ತಿಗೆಗಳನ್ನೇ ಕಿತ್ತು ತಂತಿಗಳ ಮೇಲೆ ಬಾರಿಸತೊಡಗುತ್ತಾನೆ. ಮುಗಿಯಿತು ಅನ್ನುವಷ್ಟರಲ್ಲಿ ಮತ್ತೆ ಶುರು. ಮತ್ತೆ ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಮ್ಮೆ. ಟಾಮ್ ಕುಸಿಯುತ್ತಾನೆ. ಬೆಳಕು ಬೀಳುವುದು ಜೆರ್ರಿಯ ಮೇಲೆ, ಚಪ್ಪಾಳೆಯೂ ಅವನಿಗೆ. ಇಷ್ಟೂ ಒಂದೇ ಒಂದು ಮಾತಿಲ್ಲದೆ!

ಇನ್ನೊಂದು ಅಚ್ಚರಿ ಕೇಳಿ. 1946ರಲ್ಲಿ ವಾರ್ನರ್‌ನ ಫ್ರೆಲೆಂಗ್ ಮಾಡಿದ 'ರ‍್ಯಾಪ್ಸಡಿ ರ‍್ಯಾಬಿಟ್' ಚಿತ್ರದಲ್ಲಿ ಬಗ್ಸ್ ಬನ್ನಿ ಇದೇ ಲಿಸ್ಟ್‌ನ ಇದೇ ಕೃತಿಯನ್ನು ನುಡಿಸುತ್ತಾನೆ, ಅಲ್ಲೂ ಪಿಯಾನೊದೊಳಗೆ ಇಲಿ ಇದೆ! ಯಾರು ಯಾರಿಂದ ಕದ್ದರು ಎಂದು ಎರಡೂ ಸ್ಟುಡಿಯೋಗಳ ನಡುವೆ ದೊಡ್ಡ ಗದ್ದಲವೇ ಆಯಿತು. ಎರಡನ್ನೂ ಒಂದರ ಹಿಂದೆ ಒಂದು ನೋಡುವುದು ಇಂದಿನ ಪ್ರೇಕ್ಷಕರಿಗೆ ಸಿಕ್ಕಿರುವ ಭಾಗ್ಯ. ಒಂದೇ ಸಂಗೀತ, ಎರಡು ಬಗೆಯ ಕಾಲಪ್ರಜ್ಞೆ. ಟಾಮ್‌ಗೆ ಮರ್ಯಾದೆಯ ಚಿಂತೆ. ಬಗ್ಸ್‌ಗೆ ಜಗತ್ತಿನ ಯಾವ ಚಿಂತೆಯೂ ಇಲ್ಲ.

ಓಣಿಯಲ್ಲಿ ಸಿಕ್ಕ ಸದ್ದು

ರೋಡ್ ರನ್ನರ್ ಹಕ್ಕಿಯ ಆ 'ಬೀಪ್ ಬೀಪ್' ಎಲ್ಲಿಂದ ಬಂತು? ವಾರ್ನರ್‌ನ ಹಿನ್ನೆಲೆ ಚಿತ್ರಕಾರ ಪಾಲ್ ಜೂಲಿಯನ್ ದೊಡ್ಡ ದೊಡ್ಡ ಚಿತ್ರಗಳನ್ನು ಹೊತ್ತುಕೊಂಡು ಸ್ಟುಡಿಯೋದ ಓಣಿಯಲ್ಲಿ ನಡೆಯುವಾಗ ಎದುರಿಗೆ ಬರುವವರು ಕಾಣುತ್ತಿರಲಿಲ್ಲ. ದಾರಿ ಬಿಡಿಸಿಕೊಳ್ಳಲು ಬಾಯಲ್ಲೇ ಹಾರ್ನ್ ಹೊಡೆಯುತ್ತಿದ್ದರು. ಅದು ಜೋನ್ಸ್ ಕಿವಿಗೆ ಬಿತ್ತು. 1949ರಲ್ಲಿ ಮೊದಲ ರೋಡ್ ರನ್ನರ್ ಚಿತ್ರ ಬಂದಾಗ ಹಕ್ಕಿಯ ಗಂಟಲಲ್ಲಿ ಇದ್ದದ್ದು ಪಾಲ್ ಜೂಲಿಯನ್ ಧ್ವನಿಯೇ!

ಟಾಮ್‌ನ ಬಾಲ ಎಲ್ಲಾದರೂ ಸಿಕ್ಕಿಕೊಂಡಾಗ ಹೊರಡುವ ಆ ಚೀತ್ಕಾರ? ಅದು ನಿರ್ದೇಶಕ ಹ್ಯಾನಾ ಅವರದೇ ಗಂಟಲು. ತಾವೇ ಕಿರುಚಿ, ಆ ಕಿರುಚಾಟದ ಆದಿ ಅಂತ್ಯ ಕತ್ತರಿಸಿ ನಡುವಿನ ಉರಿ ಮಾತ್ರ ಉಳಿಸಿಕೊಂಡರು. ಅಲ್ಲೂ ಕಾಲವನ್ನು ಕತ್ತರಿಸುವ ಕಸುಬೇ! ಬಗ್ಸ್ ಬನ್ನಿ ಕ್ಯಾರೆಟ್ ಕಚ್ಚುವ ಸದ್ದಿಗೆ ಧ್ವನಿನಟ ಮೆಲ್ ಬ್ಲಾಂಕ್ ಬೇರೆ ಬೇರೆ ಹಣ್ಣು ತರಕಾರಿ ಕಚ್ಚಿ ನೋಡಿದರು. ಕ್ಯಾರೆಟ್ಟಿನಂತೆ ಸದ್ದು ಮಾಡುವುದು ಕ್ಯಾರೆಟ್ ಒಂದೇ! ಬಾಯಿ ತುಂಬಿದ್ದರೆ ಮುಂದಿನ ಮಾತು ಆಡಲಾಗದು. ಹಾಗಾಗಿ ಕಚ್ಚುವುದು, ಉಗುಳುವುದು, ಮಾತಾಡುವುದು.

ಬಗ್ಸ್, ಡ್ಯಾಫಿ, ಪೋರ್ಕಿ ಹಂದಿ, ಟ್ವೀಟಿ ಹಕ್ಕಿಮರಿ, ಸಿಲ್ವೆಸ್ಟರ್ ಬೆಕ್ಕು, ಯೊಸೆಮಿಟಿ ಸ್ಯಾಮ್: ಎಲ್ಲ ಆ ಒಬ್ಬ ಮನುಷ್ಯನ ಗಂಟಲಿನಲ್ಲಿದ್ದರು. 1961ರಲ್ಲಿ ಭೀಕರ ಕಾರು ಅಪಘಾತವಾಗಿ ಬ್ಲಾಂಕ್ ಕೋಮಾಗೆ ಜಾರಿದರು. ಹೆಸರು ಹಿಡಿದು ಕೂಗಿದರೆ ಉತ್ತರವಿಲ್ಲ. ಕೊನೆಗೆ ಡಾಕ್ಟರು ಬಗ್ಸ್ ಬನ್ನಿಯನ್ನು ಹೇಗಿದ್ದೀಯ ಎಂದು ಕೇಳಿದಾಗ ಹಾಸಿಗೆಯಿಂದ ಬಗ್ಸ್‌ನ ಧ್ವನಿಯಲ್ಲಿ ಉತ್ತರ ಬಂತು! ಬ್ಲಾಂಕ್ ತಮ್ಮ ಆತ್ಮಕಥೆಯಲ್ಲಿ ಇದನ್ನು ಹೇಳಿಕೊಂಡಿದ್ದಾರೆ. ಓದಿದಾಗ ನನ್ನ ಮೈ ಜುಮ್ಮೆಂದಿತು.

ಬೆಕ್ಕು ಅಡ್ಡ ಬಂದರೆ

ಟೆಕ್ಸಾಸಿನಲ್ಲಿ 1908ರಲ್ಲಿ ಹುಟ್ಟಿದ ಟೆಕ್ಸ್ ಏವರಿ ಬೇರೆಯದೇ ಬಗೆಯ ಗಡಿಯಾರ ಇಟ್ಟುಕೊಂಡಿದ್ದವರು. ಯೌವನದಲ್ಲಿ ಸ್ಟುಡಿಯೋದ ಕೀಟಲೆಯೊಂದರಲ್ಲಿ ಪೇಪರ್ ಕ್ಲಿಪ್ ಹಾರಿ ಬಂದು ಎಡಗಣ್ಣಿನ ದೃಷ್ಟಿ ಹೋಯಿತು. ಒಂದೇ ಕಣ್ಣಿನಲ್ಲಿ ಅವರು ಕಂಡದ್ದನ್ನು ಎರಡು ಕಣ್ಣಿನ ಯಾರೂ ಕಂಡಿರಲಿಲ್ಲ! 1940ರ 'ಎ ವೈಲ್ಡ್ ಹೇರ್' ಚಿತ್ರದಲ್ಲಿ ಬಂದೂಕಿನ ಬಾಯಿಗೆ ಸಿಕ್ಕರೂ ಹೆದರದೆ ಕ್ಯಾರೆಟ್ ಮೆಲ್ಲುವ ಬಗ್ಸ್ ಬನ್ನಿಗೆ ರೂಪ ಕೊಟ್ಟವರು ಅವರು. ಬೇಟೆಗಾರನಿಗೆ ಅವಸರ, ಮೊಲಕ್ಕೆ ಪುರುಸೊತ್ತು: ಬಗ್ಸ್‌ನ ಪೂರ್ತಿ ಬದುಕು ಅಷ್ಟರಲ್ಲಿದೆ.

ಆಮೇಲೆ ಎಂಜಿಎಂಗೆ ಹೋದ ಏವರಿ ಗೇರು ಬದಲಿಸಿದರು. 1949ರ 'ಬ್ಯಾಡ್ ಲಕ್ ಬ್ಲ್ಯಾಕಿ' ನೋಡಲು ನಮ್ಮ ಕಡೆಯವರಿಗೆ ಪೀಠಿಕೆಯೇ ಬೇಡ. ಬೆಕ್ಕು ಅಡ್ಡ ಬಂದರೆ ಅಪಶಕುನ, ಅಷ್ಟೇ ಕಥೆ! ಪುಟ್ಟ ಬಿಳಿ ಬೆಕ್ಕಿನ ಮರಿಯನ್ನು ಒಂದು ಬುಲ್‌ಡಾಗ್ ಕಾಡಿಸುತ್ತಿದೆ. ಮರಿ ಸೀಟಿ ಊದಿದರೆ ಸಾಕು, ಕರಿಬೆಕ್ಕೊಂದು ಬಂದು ನಾಯಿಯ ಮುಂದೆ ಠೀವಿಯಿಂದ ಅಡ್ಡ ಹಾಯುತ್ತದೆ. ತಕ್ಷಣ ಆಕಾಶದಿಂದ ನಾಯಿಯ ತಲೆಗೆ ಹೂಕುಂಡ. ಮತ್ತೆ ಸೀಟಿ, ಮತ್ತೆ ಏಟು. ಬೀಳುವ ವಸ್ತು ಬೆಳೆಯುತ್ತ ಹೋಗುತ್ತದೆ. ಕಡೆಗೆ ನಾಯಿ ಆ ಸೀಟಿಯನ್ನೇ ನುಂಗಿ ಬಿಕ್ಕಳಿಸತೊಡಗಿದಾಗ ಒಂದೊಂದು ಬಿಕ್ಕಳಿಕೆಗೂ ಸ್ನಾನದ ತೊಟ್ಟಿ, ರೋಡ್ ರೋಲರ್, ವಿಮಾನ, ಬಸ್ಸು, ಹಡಗು! ಹೂಕುಂಡ ಬಿದ್ದಾಗ ಪಕ್ಕನೆ ನಗುವ ನಾವು ಹಡಗು ಬೀಳುವ ಹೊತ್ತಿಗೆ ಉಸಿರು ಕಟ್ಟಿ ನಗುತ್ತಿರುತ್ತೇವೆ. ನಾಯಿಗೂ ನಮಗೂ ಏವರಿ ಒಟ್ಟಿಗೇ ಪುರುಸೊತ್ತು ಕೊಡುವುದನ್ನು ನಿಲ್ಲಿಸಿರುತ್ತಾರೆ.

1947ರ 'ಕಿಂಗ್ ಸೈಜ್ ಕೆನರಿ'ಯಲ್ಲಿ ಗಿಡ ಬೆಳೆಸುವ ಔಷಧದ ಬಾಟಲಿಯೊಂದು ಬೆಕ್ಕು, ಹಕ್ಕಿ, ನಾಯಿ, ಇಲಿಯ ಬಾಯಿಂದ ಬಾಯಿಗೆ ಹೋಗುತ್ತದೆ. ಕುಡಿದವರು ಬೆಳೆಯುತ್ತಾರೆ, ಬೆಳೆದವರು ಅಟ್ಟುತ್ತಾರೆ. ಕೊನೆಗೆ ಬೆಕ್ಕು ಮತ್ತು ಇಲಿ ಎಷ್ಟು ಬೆಳೆದಿದ್ದಾರೆಂದರೆ, ಭೂಗೋಳದ ಮೇಲೆ ಜಾಗವಿಲ್ಲದೆ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತು, ಔಷಧ ಮುಗಿಯಿತು, ಇನ್ನು ಚಿತ್ರವೂ ಮುಗಿಯಬೇಕು ಎಂದು ನಮಗೆ ಕೈ ಬೀಸುತ್ತಾರೆ!

ಇನ್ನೂ ಒಂದಿದೆ, ಬೆಚ್ಚಿ ಬೀಳಿಸುವಂಥದು. 1952ರ 'ಮ್ಯಾಜಿಕಲ್ ಮೇಸ್ಟ್ರೊ'ದಲ್ಲಿ ನಾಯಿಯೊಂದು ಆಪೆರಾ ಹಾಡುತ್ತಿರುವಾಗ ತೆರೆಯ ಅಂಚಿನಲ್ಲಿ ಒಂದು ಕೂದಲು ಅಲುಗಾಡುತ್ತದೆ. ಪ್ರೊಜೆಕ್ಟರಿಗೆ ಕೂದಲು ಸಿಕ್ಕಿಕೊಂಡಿದೆ ಎಂದೇ ಪ್ರೇಕ್ಷಕರ ನಂಬಿಕೆ. ಆ ಕಾಲದಲ್ಲಿ ಅದು ಮಾಮೂಲಿ. ಏವರಿ ಕಾಯುತ್ತಾರೆ. ನಮಗೆ ಕಿರಿಕಿರಿಯಾಗಲು ಬಿಡುತ್ತಾರೆ. ಆಪರೇಟರ್ ಏನು ಮಾಡುತ್ತಿದ್ದಾನೆ ಎಂದು ಸಿಟ್ಟು ಬರುವ ಹೊತ್ತಿಗೆ ಹಾಡುತ್ತಿದ್ದ ನಾಯಿ ಕೈಚಾಚಿ ಆ ಕೂದಲನ್ನು ಕಿತ್ತೆಸೆದು ಹಾಡು ಮುಂದುವರಿಸುತ್ತದೆ! ಸಿನಿಮಾದೊಳಗಿನವರು ಸಿನಿಮಾ ಯಂತ್ರವನ್ನೇ ದುರಸ್ತಿ ಮಾಡಿದರು.

ಅಳಿಸಿದರೂ ಉಳಿಯುವುದು

ಸಿನಿಮಾವನ್ನೇ ಆಟಿಕೆಯಾಗಿಸುವ ಆ ಹಾದಿಯ ತುತ್ತತುದಿಯಲ್ಲಿರುವುದು ಜೋನ್ಸ್ ಮತ್ತು ಕಥೆಗಾರ ಮೈಕೆಲ್ ಮಾಲ್ಟೀಸ್ ಅವರ 1953ರ 'ಡಕ್ ಅಮಕ್'. ಡ್ಯಾಫಿ ಬಾತುಕೋಳಿ ಕತ್ತಿ ಝಳಪಿಸುತ್ತ ವೀರಾವೇಶದಿಂದ ಬರುತ್ತಾನೆ. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಹಿನ್ನೆಲೆ ಮುಗಿದುಹೋಗುತ್ತದೆ. ಬಿಳಿ ಹಾಳೆ! ಚಿತ್ರಕಾರರೇ, ಒಂದು ಸೀನರಿ ಬರೆಯಿರಿ ಎಂದು ಕೇಳುತ್ತಾನೆ. ಕುಂಚ ಬಂದು ಹೊಲ ಬರೆಯುತ್ತದೆ. ರೈತನ ವೇಷ ಹಾಕಿಕೊಂಡು ಹಾಡುತ್ತ ಬರುತ್ತಾನೆ, ಹಿನ್ನೆಲೆ ಹಿಮಪ್ರದೇಶವಾಗಿದೆ. ಹಿಮದ ಜೋಡು ಹಾಕಿಕೊಂಡು ಬರುತ್ತಾನೆ, ಅದು ಹವಾಯಿ. ಪ್ರತಿ ಸಲವೂ ಅವನು ಒಂದು ಹೆಜ್ಜೆ ಹಿಂದೆ, ಜಗತ್ತು ಒಂದು ಹೆಜ್ಜೆ ಮುಂದೆ.

ಆಮೇಲೆ ರಬ್ಬರ್ ಬಂದು ಅವನನ್ನೇ ಅಳಿಸಿಬಿಡುತ್ತದೆ. ಇಲ್ಲಿ ಮೈಯೆಲ್ಲ ಕಣ್ಣಾಗಿಸಿಕೊಂಡು ನೋಡಿ. ಡ್ಯಾಫಿ ಇಲ್ಲ. ಖಾಲಿ ತೆರೆ. ಆದರೆ ಧ್ವನಿ ಇದೆ, ನಾನೆಲ್ಲಿದ್ದೇನೆ ಎಂದು ಕೇಳುತ್ತಿದೆ. ಮತ್ತೆ ಬರೆದಾಗ ದೇಹ ಬಂತು, ಧ್ವನಿ ಹೋಯಿತು. ಗಿಟಾರು ಮೀಟಿದರೆ ಸದ್ದಿಲ್ಲ. ಸದ್ದು ಕೊಡಿ ಎಂದು ಬೋರ್ಡು ಹಿಡಿಯುತ್ತಾನೆ. ಬಂದದ್ದು ಬಂದೂಕಿನ ಸದ್ದು, ಕತ್ತೆಯ ಸದ್ದು! ತಲೆಯ ಸುತ್ತ ಹೂವಿನ ಎಸಳು, ನಾಲ್ಕು ಕಾಲು, ಬಾಲದಲ್ಲಿ ಬಾವುಟ ಇರುವ ವಿಚಿತ್ರ ಪ್ರಾಣಿಯಾಗಿ ಬರೆದರೂ ಅದು ಡ್ಯಾಫಿಯೇ ಎಂದು ನಮಗೆ ಗೊತ್ತಾಗುತ್ತದೆ. ಹೇಗೆ? ಸಿಟ್ಟನ್ನು ಎಷ್ಟು ಹೊತ್ತು ನುಂಗುತ್ತಾನೆ, ಯಾವ ಕ್ಷಣದಲ್ಲಿ ಸ್ಫೋಟಿಸುತ್ತಾನೆ, ಆಮೇಲೆ ಹೇಗೆ ಬಟ್ಟೆ ಸರಿಪಡಿಸಿಕೊಂಡವನಂತೆ ಮರ್ಯಾದಸ್ಥನಾಗುತ್ತಾನೆ, ಆ ಲಯದಿಂದ. ರೂಪ ಹೋದರೂ, ದನಿ ಹೋದರೂ ಪಾತ್ರ ಉಳಿಯುತ್ತದೆ ಎಂದು ಜೋನ್ಸ್ ತೋರಿಸಬೇಕೆಂದಿದ್ದರು. ಏಳು ನಿಮಿಷದೊಳಗೆ ತೋರಿಸಿಯೂಬಿಟ್ಟರು. ಇಷ್ಟೆಲ್ಲ ಕಾಟ ಕೊಟ್ಟ ಕೈ ಯಾರದು ಎಂಬುದು ಕೊನೆಯ ಶಾಟ್‌ನಲ್ಲಿದೆ. ನೋಡದವರಿಗಾಗಿ ಅದನ್ನು ಬಚ್ಚಿಡುತ್ತೇನೆ.

ಜೋನ್ಸ್-ಮಾಲ್ಟೀಸ್ ಜೋಡಿಯದೇ 1955ರ 'ಒನ್ ಫ್ರಾಗಿ ಈವ್ನಿಂಗ್'. ಕೆಡವುತ್ತಿರುವ ಹಳೆಯ ಕಟ್ಟಡದ ಅಡಿಗಲ್ಲಿನೊಳಗೆ ಕೂಲಿಯವನಿಗೆ ಪೆಟ್ಟಿಗೆ ಸಿಗುತ್ತದೆ. ತೆರೆದರೆ ಟೋಪಿ, ಕೋಲು ಹಿಡಿದ ಕಪ್ಪೆ ಎದ್ದು ನಿಂತು ಗಂಡುದನಿಯಲ್ಲಿ ಹಾಡಿ ಕುಣಿಯುತ್ತದೆ! ಬೇರೆಯವರಿಗೆ ತೋರಿಸಹೋದರೆ ಮಾತ್ರ ಬರೀ ವಟರ್. ಕೂಡಿಟ್ಟ ಹಣವೆಲ್ಲ ಸುರಿದು ಥಿಯೇಟರು ಹಿಡಿಯುತ್ತಾನೆ. ಪರದೆ ಮುಚ್ಚಿರುವಷ್ಟು ಹೊತ್ತೂ ಕಪ್ಪೆ ಅದ್ಭುತವಾಗಿ ಹಾಡುತ್ತದೆ; ಪರದೆ ಎದ್ದ ಕ್ಷಣ ಮುದುಡಿ ಕೂರುತ್ತದೆ. ಆ ಮನುಷ್ಯ ಇಡೀ ಚಿತ್ರದಲ್ಲಿ ಒಂದು ಮಾತೂ ಆಡುವುದಿಲ್ಲ. ಅವನ ದುರಾಸೆ, ಆಸೆ, ಹತಾಶೆ ಎಲ್ಲ ಮುಖದಲ್ಲಿದೆ. ಕೊನೆಗೆ ಬೇಸತ್ತು ಕಪ್ಪೆಯನ್ನು ಹೊಸ ಕಟ್ಟಡವೊಂದರ ಅಡಿಗಲ್ಲಿನಲ್ಲಿ ಸೇರಿಸುತ್ತಾನೆ. ಆ ಕಟ್ಟಡದ ಹೆಸರು ಓದಿ: ಟ್ರೆಗೊವೆತ್ ಬ್ರೌನ್ ಬಿಲ್ಡಿಂಗ್. ಸ್ಟುಡಿಯೋದ ಸದ್ದುಗಳ ಮಾಂತ್ರಿಕ ಟ್ರೆಗ್ ಬ್ರೌನ್ ಅವರ ಹೆಸರೇ ಅದು! ಕಯೋಟಿ ಬೀಳುವ ಸದ್ದು ಕೊಟ್ಟವರಿಗೆ ಗೆಳೆಯರು ಹೀಗೆ ಕಲ್ಲಿನ ಮೇಲೆ ಹೆಸರು ಬರೆದರು.

1957ರ 'ವಾಟ್ಸ್ ಆಪೆರಾ, ಡಾಕ್?' ಬರುವ ಹೊತ್ತಿಗೆ ಅವರಿಗೆ ಏನೂ ಅಸಾಧ್ಯವಾಗಿರಲಿಲ್ಲ. ರಿಚರ್ಡ್ ವಾಗ್ನರ್‌ನ ಗಂಟೆಗಟ್ಟಲೆಯ ಆಪೆರಾಗಳನ್ನು ಏಳು ನಿಮಿಷದೊಳಗೆ ಬಟ್ಟಿ ಇಳಿಸಿದರು. ಬೇಟೆಗಾರ ಎಲ್ಮರ್ ಫಡ್‌ನ ನೆರಳು ಬೆಟ್ಟದಷ್ಟು ಎತ್ತರಕ್ಕೆ ಬಿದ್ದು ಮಿಂಚು ಕರೆಯುತ್ತದೆ; ದಪ್ಪನೆಯ ಬಿಳಿ ಕುದುರೆಯ ಮೇಲೆ ಹೊಂಬಣ್ಣದ ಜಡೆಯ ಬಗ್ಸ್ ಇಳಿದು ಬರುತ್ತಾನೆ. ಮಾರಿಸ್ ನೋಬಲ್ ವಿನ್ಯಾಸ ಮಾಡಿದ ಆಕಾಶ ಕೆಂಪು, ನೇರಳೆ, ಹಳದಿಗೆ ಹೊರಳುತ್ತದೆ. ನೂರಕ್ಕೂ ಹೆಚ್ಚು ಶಾಟ್! ಮಾಮೂಲಿ ಐದು ವಾರದಲ್ಲಿ ಮುಗಿಯದ ಕೆಲಸ. ಸುಲಭವಾದ ರೋಡ್ ರನ್ನರ್ ಚಿತ್ರವೊಂದನ್ನು ಬೇಗ ಮುಗಿಸಿ, ಉಳಿದ ವಾರಗಳನ್ನು ಇದಕ್ಕೆ ಹಾಕಿ, ಲೆಕ್ಕದ ಹಾಳೆಯಲ್ಲಿ ಹೊಂದಿಸಿದೆವು ಎಂದು ಜೋನ್ಸ್ ಹೇಳಿದ್ದಾರೆ. ತೆರೆಯ ಮೇಲಿನ ಕಾಲವನ್ನಷ್ಟೇ ಅಲ್ಲ, ತಮ್ಮ ಕೆಲಸದ ಕಾಲವನ್ನೂ ಹಿಗ್ಗಿಸಿದ ಮಹಾನುಭಾವರು! 1992ರಲ್ಲಿ ಇದು ಅಮೆರಿಕದ ನ್ಯಾಷನಲ್ ಫಿಲ್ಮ್ ರಿಜಿಸ್ಟ್ರಿಗೆ ಸೇರಿತು. 'ಮ್ಯಾಜಿಕಲ್ ಮೇಸ್ಟ್ರೊ', 'ಡಕ್ ಅಮಕ್', 'ಒನ್ ಫ್ರಾಗಿ ಈವ್ನಿಂಗ್' ಕೂಡ ಆಮೇಲೆ ಅದೇ ಪಟ್ಟಿ ಸೇರಿದವು.

ಯಾರೂ ಎರಡನೇ ಸಲ ನೋಡದಿದ್ದಾಗ

ಈ ಚಿತ್ರಗಳಲ್ಲಿ ಕೆಲವು ಕಡೆ ಕಪ್ಪು ಜನರನ್ನು, ಅಮೆರಿಕದ ಮೂಲನಿವಾಸಿಗಳನ್ನು, ಏಷ್ಯಾದವರನ್ನು ಹೀಯಾಳಿಸುವ ಚಿತ್ರಣಗಳಿವೆ. 'ಮ್ಯಾಜಿಕಲ್ ಮೇಸ್ಟ್ರೊ'ದಲ್ಲೂ ಇವೆ. ಅವು ಅಂದೂ ತಪ್ಪು, ಇಂದೂ ತಪ್ಪು. ಮಕ್ಕಳ ಜೊತೆ ನೋಡುವಾಗ ಅದನ್ನು ಬಾಯಿಬಿಟ್ಟು ಹೇಳಬೇಕು. ಇಷ್ಟು ಸೂಕ್ಷ್ಮವಾಗಿ ಅಳೆಯಬಲ್ಲವರು ಅದನ್ನೂ ಅಳೆಯಬಹುದಿತ್ತು ಎಂಬ ನೋವು ನನಗಿದೆ.

1957ರಲ್ಲಿ ಎಂಜಿಎಂ ತನ್ನ ಕಾರ್ಟೂನು ವಿಭಾಗ ಮುಚ್ಚಿತು. 1963ರ ಹೊತ್ತಿಗೆ ವಾರ್ನರ್‌ನದೂ ಮುಚ್ಚಿತು. ಅಷ್ಟರಲ್ಲಿ ಮನೆಮನೆಗೆ ಟಿವಿ ಬಂದಿತ್ತು. ಹಳೆಯ ಕಾರ್ಟೂನುಗಳು ಆ ಪುಟ್ಟ ಪೆಟ್ಟಿಗೆಯೊಳಗೆ ಎರಡನೇ ಜನ್ಮ ಪಡೆದವು. 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂದಾಗ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಇಂಗ್ಲಿಷ್ ಬಾರದ ಅಜ್ಜಿಯೂ ಶಾಲೆಗೆ ಹೋಗದ ಮೊಮ್ಮಗನೂ ಒಟ್ಟಿಗೆ ಕೂತು ಟಾಮ್ ಮತ್ತು ಜೆರ್ರಿ ನೋಡಿದರು. ಭಾಷೆ ಅಡ್ಡಬರಲಿಲ್ಲ. ಆ ಅಜ್ಜಿಗೆ ಸ್ಕಾಟ್ ಬ್ರಾಡ್ಲಿ ಅರ್ಥವಾಗುತ್ತಿದ್ದರು!

ಈ ಚಿತ್ರಗಳನ್ನು ಮಾಡಿದವರಿಗೆ ಇದೊಂದೂ ಗೊತ್ತಿರಲಿಲ್ಲ. ಅವರ ಮಟ್ಟಿಗೆ ಒಂದು ಕಾರ್ಟೂನಿನ ಆಯುಸ್ಸು ಥಿಯೇಟರಿನಲ್ಲಿ ಓಡುವಷ್ಟು ದಿನ. ಪಾಜ್ ಬಟನ್ ಇರಲಿಲ್ಲ, ಹಿಂದಕ್ಕೆ ತಿರುಗಿಸಿ ನೋಡುವವರಿರಲಿಲ್ಲ. 13 ಫ್ರೇಮು ಇಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೂ 14 ಇಟ್ಟರು!

ಇವತ್ತು ರಾತ್ರಿಯೇ ಶುರು ಮಾಡಿ. ಮೊದಲು 'ದಿ ಕ್ಯಾಟ್ ಕನ್ಸರ್ಟೊ', ಒಮ್ಮೆ ಸುಮ್ಮನೆ ನಗಲಿಕ್ಕೆ, ಇನ್ನೊಮ್ಮೆ ಟಾಮ್‌ನ ಕೈಗಳಿಗಾಗಿ. ಆಮೇಲೆ 'ಬ್ಯಾಡ್ ಲಕ್ ಬ್ಲ್ಯಾಕಿ'. ಆಮೇಲೆ 'ಡಕ್ ಅಮಕ್', ಅದರಲ್ಲೂ ರಬ್ಬರ್ ಬಂದು ಹೋದ ಮೇಲಿನ ಆ ಖಾಲಿ ತೆರೆ. ನಗು ಬಂದ ಕ್ಷಣದಲ್ಲಿ ನಿಲ್ಲಿಸಿ, ಹತ್ತು ಹದಿನೈದು ಫ್ರೇಮು ಹಿಂದಕ್ಕೆ ಹೋಗಿ, ಒಂದೊಂದಾಗಿ ಎಣಿಸುತ್ತ ಮುಂದೆ ಬನ್ನಿ. ನಿಮ್ಮ ನಗು ಯಾವ ಫ್ರೇಮಿನಲ್ಲಿ ಹುಟ್ಟಿತೆಂದು ಬೆರಳಿಟ್ಟು ತೋರಿಸಬಲ್ಲಿರಿ. ಎಪ್ಪತ್ತೆಂಬತ್ತು ವರ್ಷದ ಹಿಂದೆ ಒಬ್ಬರು ಪೆನ್ಸಿಲು ಹಿಡಿದು ಅದೇ ಜಾಗಕ್ಕೆ ಗುರುತು ಹಾಕಿದ್ದರು!